ಭರಣಿಗೆ ಕೈ ಹಾಕಿದವಳು

ಹೆಸರು ಬರೆಯಬೇಡ ಎಂದು ಅವಳು ಮೊದಲೇ ತಾಕೀತು ಮಾಡಿದ್ದಾಳೆ. “ಹೆಸರು ಹಾಕಿದ್ರೆ ಮತ್ತೆ ನಿನ್ನ ಮನೆ ಮೆಟ್ಲು ಹತ್ತೂದಿಲ್ಲ ಟೀಚರೇ” ಎಂದಳು. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಮಕ್ಕಳನ್ನು ಹೆದರಿಸಿದವಳು ನಾನು. ಆದರೆ ನಾನೇ ಹೆದರುವವರು ಇಬ್ಬರಿದ್ದಾರೆ. ಒಬ್ಬಳು ನನ್ನ ಆಯಿ, ಅಂದರೆ ನನ್ನ ಹೆತ್ತಮ್ಮ. ಇನ್ನೊಬ್ಬಳು ಇವಳು. ಹಾಗಾಗಿ ಹೆಸರಿಲ್ಲ. “ಮತ್ತೆಂತ ಬರೀಲಿ ಮಾರಾಯ್ತಿ?” ಎಂದು ಕೇಳಿದ್ದಕ್ಕೆ ಬಲಗೈ ಎತ್ತಿ ನನ್ನ ಮುಖದ ಮುಂದೆ ಹಿಡಿದಳು. “ಇದ್ರ ಬಗ್ಗೆ ಬರಿ.”

ಆ ಕೈಯನ್ನು ಶಿರಸಿಯಲ್ಲಿ ನೋಡದವರು ಕಡಿಮೆ. ಗಿಡ್ಡ ಬೆರಳು, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಮೆಣಸಿನ ಕೆಂಪು, ಮಣಿಕಟ್ಟಿನ ಮೇಲೆ ಎಣ್ಣೆ ಸಿಡಿದ ಹಳೇ ಕಲೆ. ಬಸ್ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ಸಿಗುವ ಒಂದು ಓಣಿಯಲ್ಲಿ, ಹೊಲಿಗೆ ಅಂಗಡಿಯ ಪಕ್ಕ, ಅವಳು ನಾಲ್ಕು ವರ್ಷ ಊಟದ ಅಂಗಡಿ ನಡೆಸಿದಳು. ನಾಲ್ಕು ಮೇಜು, ಹದಿನಾರು ಕುರ್ಚಿ. ಬೋರ್ಡಿನ ಮೇಲೆ ‘ಕೊರಿಯಾ ಊಟ’ ಎಂದು ಎರಡೇ ಪದ. ಬೋರ್ಡ್ ಬರೆದವನು ಒಳ್ಳೆಯ ಮನಸ್ಸಿನಿಂದಲೇ, “ಅಕ್ಕಾ, ಕೆಳಗೆ ಗೋಬಿ ಮಂಚೂರಿ ಸಿಗ್ತದೆ ಅಂತ ಒಂದು ಸಾಲು ಹಾಕ್ಲಾ?” ಎಂದು ಕೇಳಿದ್ದನಂತೆ. ಅವನನ್ನು ಏಣಿಯಿಂದ ಇಳಿಸಿ, ಅರ್ಧ ತಾಸು ಬೈದು, ಆಮೇಲೆ ಊಟ ಹಾಕಿ ಕಳಿಸಿದಳು.

ಕೊರಿಯಾಕ್ಕೆ ಅವಳು ಹೋದವಳಲ್ಲ. ಕೊರಿಯಾವೇ ಅವಳಿದ್ದಲ್ಲಿಗೆ ಬಂದಿತ್ತು. ಸಿದ್ದಾಪುರದ ಕಡೆಯ ಹುಡುಗಿ, ಮದುವೆಯಾದದ್ದು ಲಾರಿ ಡ್ರೈವರನನ್ನು. ಅವನಿಗೆ ಚೆನ್ನೈ ಹತ್ತಿರ ಕಾರು ಓಡಿಸುವ ಕೆಲಸ ಸಿಕ್ಕಿತು. ಅಲ್ಲಿ ಫ್ಯಾಕ್ಟರಿಗಳಿಗೆಂದು ಬಂದ ಕೊರಿಯಾದ ಇಂಜಿನಿಯರುಗಳು ಉಳಿಯುತ್ತಿದ್ದ ಗೆಸ್ಟ್ ಹೌಸಿನಲ್ಲಿ ಇವಳು ಪಾತ್ರೆ ತೊಳೆಯಲು ಸೇರಿದಳು. ಅಡುಗೆಗೆ ಇದ್ದವಳು ಕೊರಿಯಾದಿಂದಲೇ ಬಂದ ಒಬ್ಬ ಅಜ್ಜಿ. ಆ ಅಜ್ಜಿಗೆ ತಮಿಳೂ ಬಾರದು, ಇಂಗ್ಲಿಷೂ ಬಾರದು. ಇವಳಿಗೆ ಕನ್ನಡ ಬಿಟ್ಟು ಮತ್ತೊಂದಿಲ್ಲ. ಹದಿನೆಂಟು ವರ್ಷ ಇಬ್ಬರೂ ಒಂದೇ ಅಡುಗೆಮನೆಯಲ್ಲಿ, ಅವಳು ಅವಳ ಭಾಷೆಯಲ್ಲಿ, ಇವಳು ಇವಳ ಭಾಷೆಯಲ್ಲಿ ಜಗಳವಾಡಿಕೊಂಡು ಇದ್ದರು. “ಒಂದಿನಾನೂ ತಪ್ಪು ತಿಳ್ಕಳ್ಳಲಿಲ್ಲ ಮಾರಾಯ್ತಿ. ಒಂದೇ ಭಾಷೆಯವರೇ ತಪ್ಪು ತಿಳ್ಕಳ್ಳೂದು” ಎನ್ನುತ್ತಿದ್ದಳು.

ಮೊದಲ ಮೂರು ತಿಂಗಳು ಅಜ್ಜಿ ಇವಳಿಗೆ ಕೋಸು ತೊಳೆಯಲು ಮಾತ್ರ ಕೊಟ್ಟಳು. ನಮ್ಮ ಉರುಟು ಕೋಸಲ್ಲ, ಉದ್ದ ಕೋಸು. ಒಂದೊಂದು ಎಲೆ ಬಿಡಿಸಿ, ಬುಡಕ್ಕೆ ಉಪ್ಪು ತುಂಬಿ, ಮರುದಿನ ಮೂರು ನೀರಿನಲ್ಲಿ ತೊಳೆಯಬೇಕು. ಅದಕ್ಕೆ ಮೆಣಸಿನ ಮಸಾಲೆ ಹಚ್ಚಿ ಭರಣಿಗೆ ತುಂಬಿ ಹುಳಿ ಬರಿಸಿದರೆ ಕಿಮ್ಚಿ. ಅವರಿಗೆ ಅದಿಲ್ಲದೆ ಊಟವಿಲ್ಲ. ನಾಲ್ಕನೇ ತಿಂಗಳು ಒಂದು ಬೆಳಿಗ್ಗೆ ಅಜ್ಜಿ ಇವಳ ಮಣಿಕಟ್ಟು ಹಿಡಿದು, ಆ ಬಲಗೈಯನ್ನು ಸೀದಾ ಭರಣಿಯೊಳಕ್ಕೆ ಇಳಿಸಿದಳು. ಎಲೆಯನ್ನು ಹೇಗೆ ಒತ್ತಬೇಕು, ಗಾಳಿ ಹೇಗೆ ತೆಗೆಯಬೇಕು ಎಂದು ತೋರಿಸಲಿಕ್ಕೆ. ಇವಳು ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟಳಂತೆ. ಮೆಣಸು ಕಣ್ಣಿಗೆ ಹೋಯಿತೆಂದು ಅಜ್ಜಿ ಗಾಬರಿಯಾಗಿ ಕೊಡಗಟ್ಟಲೆ ನೀರು ಎರಚಿದಳಂತೆ.

ಅವಳು ಯಾಕೆ ಅತ್ತಳೆಂದು ಆ ಅಜ್ಜಿಗೆ ಗೊತ್ತಾಗುವಂತಿರಲಿಲ್ಲ. ನನಗೆ ಗೊತ್ತು. ಯಾಕೆಂದರೆ ಅದು ಶುರುವಾದದ್ದು ನಮ್ಮ ಮನೆಯಲ್ಲಿ.

ನಮ್ಮದು ತೋಟದ ಮನೆ, ಅವರದು ಗದ್ದೆ ಮಾಡುವ ಮನೆ. ಅವಳೂ ನಾನೂ ಏಳನೆಯ ತರಗತಿವರೆಗೆ ಒಂದೇ ಬೆಂಚು. ಶಾಲೆಯಲ್ಲಿ ಒಂದೇ ಬೆಂಚು ಸರಿ, ಮನೆಗೆ ಬಂದರೆ ಅವಳು ಹೊರಗಿನ ಜಗಲಿಯವರೆಗೆ ಮಾತ್ರ. ಅದಕ್ಕಿಂತ ಒಳಗೆ ಅವರು ಬರುವುದಿಲ್ಲ, ನಾವು ಕರೆಯುವುದಿಲ್ಲ. ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಇನ್ನು ಉಪ್ಪಿನಕಾಯಿ ಭರಣಿ. ಅದಕ್ಕೆ ಮನೆಯಲ್ಲಿ ಒಬ್ಬರದ್ದೇ ಕೈ, ಆಯಿಯದು. ಮಿಂದು, ಕೈ ಒರೆಸಿ ಒಣಗಿಸಿಕೊಂಡು, ತಿಂಗಳಿಗೊಮ್ಮೆ ಬಾಯಿಬಟ್ಟೆ ಬಿಚ್ಚಿ ಮಾವಿನ ಮಿಡಿ ತೆಗೆಯುವುದು. ನಾನು ಮಗಳಾದರೂ ಮುಟ್ಟುವ ಹಾಗಿರಲಿಲ್ಲ.

ಒಂದು ಮಳೆಗಾಲದ ಮಧ್ಯಾಹ್ನ ಅವಳು ನನ್ನ ಬರೆಯುವ ಪಟ್ಟಿ ವಾಪಸು ಕೊಡಲು ಬಂದಳು. ನಮ್ಮಲ್ಲಿ ಎಲ್ಲರೂ ಹಿತ್ತಲ ಕಡೆ ಇದ್ದೆವು. ಒಳಗಿನ ಮಾಡಿನ ಹೆಂಚು ಜಾರಿ ಭರಣಿಯ ಮೇಲೆಯೇ ನೀರು ತೊಟ್ಟಿಕ್ಕುತ್ತಿದ್ದುದು ಅವಳಿಗೆ ಜಗಲಿಯಿಂದ ಕಂಡಿತು. ಕೂಗಿದಳಂತೆ, ಯಾರಿಗೂ ಕೇಳಲಿಲ್ಲ. ಒಳಗೆ ಓಡಿ, ತನ್ನಷ್ಟೇ ಭಾರದ ಭರಣಿಯನ್ನು ತಬ್ಬಿ ಎಳೆದು, ಜಾರಿದ ಬಾಯಿಬಟ್ಟೆಯನ್ನು ಸರಿ ಮಾಡಿದಳು. ಆ ಹೊತ್ತಿಗೆ ಆಯಿ ಬಂದಳು, ಹಿಂದೆ ನಾನು. ಹತ್ತು ವರ್ಷದ ಹುಡುಗಿ ನಮ್ಮ ಒಳಮನೆಯಲ್ಲಿ ಭರಣಿಗೆ ಕೈಯಿಟ್ಟು ನಗುತ್ತಾ ನಿಂತಿದ್ದಾಳೆ, ಉಪಕಾರ ಮಾಡಿದೆ ಎಂಬ ಖುಷಿಯಲ್ಲಿ. ಆಯಿ ಅವಳನ್ನು ಜಗಲಿಗೆ ಕಳಿಸಿದಳು. ಸಂಜೆ ಆಳನ್ನು ಕರೆಸಿ ಇಡೀ ಭರಣಿಯ ಮಿಡಿಯನ್ನು ಗೊಬ್ಬರದ ಗುಂಡಿಗೆ ಸುರಿಸಿದಳು. “ಅದರ ಕೈ ತಾಗಿದ್ದು ಇನ್ನು ಉಳೀತಿಲ್ಲೆ” ಎಂದಳು. ನಮ್ಮ ಮನೆಮಾತಿನಲ್ಲಿ ಹೆಂಗಸರಿಗೂ ‘ಅದು’ ಎಂದೇ ಹೇಳುವುದು. ಆದರೆ ಅವತ್ತಿನ ‘ಅದು’ ಬೇರೆಯೇ ಇತ್ತು.

ಊರಿನಲ್ಲಿ ಮಾತು ನಿಲ್ಲುತ್ತದೆಯೇ? ಎರಡು ದಿನದಲ್ಲಿ ಶಾಲೆಗೆ ಮುಟ್ಟಿತು. ಅವಳಿಗೆ ‘ಕೆಟ್ಟ ಕೈ’ ಎಂದು ಹೆಸರು ಬಿತ್ತು. ನಾನು ಪಕ್ಕದಲ್ಲೇ ಕೂತಿದ್ದೆ, ತುಟಿ ಪಿಟಕ್ಕೆನ್ನಲಿಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ, ಆಗಲಿ. ನಮ್ಮ ಮನೆಯ ಮಾತು ಅವಳಿಗೆ ಅಷ್ಟು ನೋವು ಮಾಡಲಿಲ್ಲವಂತೆ. ನೋವಾದದ್ದು, ಅವಳ ಸ್ವಂತ ಅಜ್ಜಿಯೇ ಅದನ್ನು ನಂಬಿದ್ದು. “ಅವತ್ತಿಂದ ನಮ್ಮನೇಲೇ ನಂಗೆ ಹಾಲಿಗೆ ಹೆಪ್ಪು ಹಾಕ್ಲಿಕ್ಕೆ ಬಿಡ್ಲಿಲ್ಲ. ಮದ್ವೆ ಆಗಿ ಹೋಗೂವರೆಗೂ ಬಿಡ್ಲಿಲ್ಲ. ನಂಗೂ ಹಾಂಗೇ ಅನ್ಸಿಬಿಟ್ಟಿತ್ತು, ನನ್ನ ಕೈಯಲ್ಲಿ ಎಂತದೋ ಅದೆ ಅಂತ.”

ಈಗ ಹೇಳಿ, ಚೆನ್ನೈಯಲ್ಲಿ ಅವಳು ಅಳದೆ ಇನ್ನೇನು ಮಾಡಿಯಾಳು?

ಆ ಅಜ್ಜಿ ತನ್ನ ದೇಶಕ್ಕೆ ಮರಳುವಾಗ ಇವಳಿಗೆ ಎರಡು ಭರಣಿ ಕೊಟ್ಟು ಹೋದಳು. ಅವುಗಳನ್ನು ಹಳೆ ಸೀರೆಯಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಗಂಡನೊಂದಿಗೆ ಶಿರಸಿಗೆ ಬಂದಳು. ಒಂದು ಮೀನಿನ ಭರಣಿ. ಅದರ ಕಿಮ್ಚಿಗೆ ಬೆಳ್ಳುಳ್ಳಿ, ಮೀನಿನ ರಸ ಎಲ್ಲ ಬೀಳುತ್ತದೆ. ಇನ್ನೊಂದು ಮಠದ ಭರಣಿ. ಆ ಅಜ್ಜಿ ಚಿಕ್ಕವಳಿದ್ದಾಗ ಒಂದು ಬೌದ್ಧ ಮಠದ ಅಡುಗೆಮನೆಯಲ್ಲಿದ್ದಳಂತೆ. ಅಲ್ಲಿ ಮೀನು ಮಾಂಸ ಇರಲಿ, ಈರುಳ್ಳಿ ಬೆಳ್ಳುಳ್ಳಿಯೂ ಒಳಗೆ ಬರುವಂತಿಲ್ಲ. ಆ ಅಡುಗೆಯನ್ನೂ ಇವಳಿಗೆ ಕಲಿಸಿದ್ದಳು. ನಮ್ಮ ಹುಡುಗಿ ಎರಡು ಭರಣಿಗೆ ಎರಡು ಗೋಡೆ, ಎರಡು ಸೌಟು, ಎರಡು ಒರೆಸುವ ಬಟ್ಟೆ ಇಟ್ಟಳು. ಒಂದರ ಸೌಟು ಇನ್ನೊಂದರ ಕಡೆ ನೋಡಿದರೂ ಅವಳಿಗೆ ಕೋಪ. ಅವಳ ಮಡಿ ನೋಡಿ ನಾನು ಹೇಳಿದೆ, “ನಮ್ಮ ಆಯಿಯೇ ನಿನ್ನ ಹತ್ರ ಪಾಠ ಕಲೀಬೇಕು ಮಾರಾಯ್ತಿ.” ಅವಳು ನಗಲಿಲ್ಲ.

ಉದ್ದ ಕೋಸಿಗಾಗಿ ಗುಡ್ನಾಪುರದ ಕೆರೆಯ ಕಡೆಯ ಒಬ್ಬ ರೈತನಿಗೆ ತಾನೇ ಬೀಜ ಕೊಟ್ಟು ಬೆಳೆಸಿದಳು. ಅವನು ಮೊದಲ ಸಲ ಹೊರಗಿನ ಹಸಿರೆಲೆ ಎಲ್ಲ ಕಿತ್ತು ದನಕ್ಕೆ ಹಾಕಿ, ಒಳಗಿನ ಬಿಳಿ ತಿರುಳನ್ನು ಚೆಂದ ಮಾಡಿ ತಂದುಕೊಟ್ಟ. ಆ ಹೊರಗಿನ ಎಲೆಯೇ ಭರಣಿಯ ಮೇಲುಹೊದಿಕೆ, ಅದಿಲ್ಲದಿದ್ದರೆ ಎಲ್ಲ ಕೆಡುತ್ತದೆ. ಅವನು ತಿಂದ ಬೈಗುಳ ಕೆರೆಯ ಆಚೆ ದಡಕ್ಕೂ ಕೇಳಿಸಿರಬೇಕು. ಮೆಣಸು ಮಾತ್ರ ಬ್ಯಾಡಗಿಯದು. ಚೆನ್ನೈಯಲ್ಲೇ ಆ ಅಜ್ಜಿ ಬ್ಯಾಡಗಿ ಮೆಣಸನ್ನು ಮೂಸಿ, ನಾಲಿಗೆಗೆ ಹಚ್ಚಿ, ತನ್ನ ದೇಶದಿಂದ ಪುಡಿ ತರಿಸುವುದನ್ನೇ ನಿಲ್ಲಿಸಿದ್ದಳಂತೆ.

ಮೊದಲ ಆರು ತಿಂಗಳು ಅಂಗಡಿ ನಡೆಯಲಿಲ್ಲ. ಮೊದಮೊದಲು ಬಂದವರು ಟಿವಿಯಲ್ಲಿ, ಫೋನಿನಲ್ಲಿ ಕೊರಿಯಾದ ಧಾರಾವಾಹಿ ನೋಡುವ ಕಾಲೇಜು ಹುಡುಗಿಯರು. “ಆಂಟೀ, ರಾಮೆನ್ ನೂಡಲ್ಸ್ ಇದ್ಯಾ?” ಎಂದರೆ, “ಪ್ಯಾಕೆಟ್ಟಿಂದು ಮನೇಲಿ ತಿನ್ನು, ಇಲ್ಲಿ ಊಟ ಮಾಡು” ಎಂಬ ಉತ್ತರ. ಹಾವೇರಿ ಕಡೆಯ ಒಬ್ಬ ಯಜಮಾನರು ಬಿಬಿಂಬಾಪ್ ಎಂಬ ಕಲಸನ್ನದ ಬಟ್ಟಲನ್ನು ಸುತ್ತಲೂ ತಿರುಗಿಸಿ ನೋಡಿ, “ಅಕ್ಕಾರ, ಎರಡ್ ರೊಟ್ಟಿ ಕೊಡ್ರಿ, ಬರೇ ಅನ್ನಾ ತಿಂದ್ರ ಹೊಟ್ಟಿ ತುಂಬಾಂಗಿಲ್ರಿ” ಎಂದರು. “ತುಂಬ್ತದೆ, ಕೂತ್ಕಳ್ಳಿ” ಎಂದಳು. ತುಂಬಿತು. ನಮ್ಮವರಂತೂ ಪಂಕ್ತಿಯಲ್ಲಿ ಕೂತ ಹಾಗೆ, ಎರಡನೇ ಸಲ ಬಡಿಸುವವರು ಬರುತ್ತಾರೆಂದು ಕಾಯುವುದು, ಸಣ್ಣ ಸಣ್ಣ ಬಟ್ಟಲಲ್ಲಿ ಕೊಟ್ಟ ಪಲ್ಯಗಳನ್ನೆಲ್ಲ ಉಪ್ಪಿನಕಾಯಿ ಎಂದುಕೊಂಡು ನಾಲಿಗೆಯ ತುದಿಗೆ ಮುಟ್ಟಿಸುವುದು, ಕೊನೆಗೆ “ಮಜ್ಜಿಗೆ ಇಲ್ಲೆನೇ?” ಎಂದು ರಾಗ ಎಳೆಯುವುದು. ಮಜ್ಜಿಗೆ ಇಲ್ಲ! ನಾನೇ ಎಷ್ಟು ಸಲ ಹೇಳಿದೆ, ಒಂದು ಪಾತ್ರೆ ಮಜ್ಜಿಗೆ ಇಡು, ಏನು ಗಂಟು ಹೋಗ್ತದೆ ಎಂದು. “ಟೀಚರೇ, ನೀನು ಗಣಿತದ ಪೇಪರಿನಲ್ಲಿ ಪದ್ಯ ಬರೆದವರಿಗೆ ಮಾರ್ಕ್ಸ್ ಕೊಡ್ತಿದ್ಯಾ?” ಎಂದಳು.

ಅವಳ ಅಂಗಡಿಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ಮೇಜಿನಲ್ಲಿ ಎಲ್ಲರಿಗಿಂತ ಹಿರಿಯರು ಚಮಚ ಎತ್ತುವವರೆಗೆ ಉಳಿದವರು ಎತ್ತುವಂತಿಲ್ಲ. ಕೊರಿಯಾದಲ್ಲಿ ಹಾಗಂತೆ. ಒಮ್ಮೆ ನಾವು ನಿವೃತ್ತ ಟೀಚರುಗಳು ನಾಲ್ವರು ಹೋಗಿದ್ದೆವು. ಹಿರಿಯರು ಯಾರೆಂದು ಒಪ್ಪಿಕೊಳ್ಳಲು ಒಬ್ಬಳೂ ತಯಾರಿಲ್ಲ. ಸಾರು ಆರಿತು. ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತು, “ಪೆನ್ಶನ್ ಬುಕ್ ತಗೀರಿ ಎಲ್ರೂ” ಎಂದಳು.

ಅಂಗಡಿಯನ್ನು ಉಳಿಸಿದವರು ಧಾರಾವಾಹಿಯ ಹುಡುಗಿಯರಲ್ಲ, ಉಪ್ಪಿನಕಾಯಿ ಹಾಕುವ ನಮ್ಮ ಹೆಂಗಸರು. ಯಲ್ಲಾಪುರದಿಂದ ಮದುವೆ ಬಟ್ಟೆಗೆಂದು ಬಂದ ಒಬ್ಬಾಕೆ ಊಟ ಮುಗಿಸಿ, ಮೆಲ್ಲಗೆ ಒಳಗೆ ಇಣುಕಿ, “ಭರಣಿ ನೋಡ್ಲಕ್ಕಾ?” ಎಂದು ಕೇಳಿದಳು. ಇವಳು ಮಠದ ಭರಣಿಯ ಮುಚ್ಚಳ ತೆಗೆದಳು. ಆಕೆ ಬಗ್ಗಿ ಮೂಸಿ, ಕಣ್ಣು ಮುಚ್ಚಿ, “ಮೇಲೆ ಒಂದು ಚೂರೂ ಬಿಳಿ ಹಾವಸೆ ಇಲ್ಲೆ! ಎಷ್ಟು ದಿನದ್ದೇ?” ಎಂದಳು. ಆ ಒಂದು ಪ್ರಶ್ನೆಯಿಂದ ಇಬ್ಬರೂ ಎರಡು ತಾಸು ನಿಂತಲ್ಲೇ ಮಾತಾಡಿದರು. ಆಕೆಯ ಬಸ್ಸು ತಪ್ಪಿತು. ಮುಂದಿನ ವಾರ ಮೂವರನ್ನು ಕರೆದುಕೊಂಡು ಬಂದಳು. ಉಪ್ಪು, ನೀರು, ಗಾಳಿ, ಕೈ ಇವುಗಳ ಸಂಕಟ ಗೊತ್ತಿದ್ದವರಿಗೆ ಆ ಊಟ ಪರದೇಶದ್ದು ಎಂದೇ ಅನ್ನಿಸಲಿಲ್ಲ. ಎರಡನೇ ವರ್ಷಕ್ಕೆ ಭಾನುವಾರ ಹೊರಗೆ ಬೆಂಚು ಹಾಕಬೇಕಾಯಿತು. ಆಗಲೂ ಮಜ್ಜಿಗೆ ಬರಲಿಲ್ಲ, ಬೋರ್ಡಿನಲ್ಲಿ ಒಂದಕ್ಷರ ಹೆಚ್ಚಲಿಲ್ಲ.

ಎಲ್ಲರೂ ಗೆದ್ದಳು ಎಂದರು. ಅವಳು ಹಾಗನ್ನಲಿಲ್ಲ. ಒಂದು ದಿನ ಅಂಗಡಿ ತೊಳೆಯುತ್ತಾ, ನನ್ನ ಕಡೆ ತಿರುಗದೆಯೇ ಕೇಳಿದಳು: “ನಿನ್ನ ಆಯಿ ಹೇಗಿದ್ದಾರೆ?”

ಆಯಿ ಆಗ ನನ್ನ ಜೊತೆ ಶಿರಸಿಯಲ್ಲೇ ಇದ್ದಳು, ಎಂಬತ್ತೈದು ದಾಟಿತ್ತು. ಒಂದು ಜ್ವರ ಬಂದು ಹೋದ ಮೇಲೆ ಬಾಯಿರುಚಿಯೇ ಹೊರಟುಹೋಗಿತ್ತು. ಏನು ಮಾಡಿ ಹಾಕಿದರೂ “ಸಪ್ಪೆ, ಮಣ್ಣು” ಎಂದು ತಟ್ಟೆ ದೂಡುತ್ತಿದ್ದಳು. ಅಷ್ಟು ಕೇಳಿದ್ದೇ ತಡ, ಅವಳು ಒಂದು ಡಬ್ಬಿಗೆ ಮಠದ ಭರಣಿಯ ಕಿಮ್ಚಿ, ಇನ್ನೊಂದಕ್ಕೆ ಸೋಯಾ ಹುದುಗಿನ ಸಾರು ತುಂಬಿ ಕೊಟ್ಟಳು. ಮನೆಯಲ್ಲಿ ನಾನು ಎಲ್ಲಿಂದ ಬಂತೆಂದು ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ ಎಂದರೆ ಸರಿ. ಹತ್ತರ ವಯಸ್ಸಿನಲ್ಲಿ ಬಾಯಿಬಿಡದವಳು ಅರವತ್ತರಲ್ಲೂ ಬಿಡಲಿಲ್ಲ. ಆಯಿ ಕಿಮ್ಚಿಯನ್ನು ಸಣ್ಣಗೆ ಕತ್ತರಿಸಿಕೊಂಡು, ಅನ್ನಕ್ಕೆ ಕಲಸಿ, ಒಂದು ತುತ್ತು ಬಾಯಿಗಿಟ್ಟಳು. ಆಮೇಲೆ ಇನ್ನೂ ಸ್ವಲ್ಪ ಅನ್ನ ಹಾಕು ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಮೂರು ವಾರ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಆಯಿ ಡಬ್ಬಿ ಬದಿಗಿಟ್ಟಳು. “ಇದು ಯಾರ ಕೈದೇ? ಸುಳ್ಳು ಹೇಳಡ. ನಿನ್ನ ಕೈಗೆ ಇದು ಬತ್ತಿಲ್ಲೆ.”

ಹೇಳಿದೆ. ಹೆಸರು ಹೇಳಿದೆ, ಯಾರ ಮಗಳೆಂದು ಹೇಳಿದೆ. ಆಯಿ ಡಬ್ಬಿಯ ಮುಚ್ಚಳ ಹಾಕಿದಳು. ಎದ್ದು ಚೆಲ್ಲಿಬಿಡುತ್ತಾಳೋ ಎಂದು ನಾನು ಡಬ್ಬಿಗೆ ಕೈ ಚಾಚಿದೆ. “ರಿಕ್ಷಾ ಕರಿ” ಎಂದಳು.

ಅಂಗಡಿಯ ಬಾಗಿಲಲ್ಲಿ ಆಯಿ ಕೋಲೂರಿ ನಿಂತಾಗ ಅವಳು ಒಳಗೆ ಕೋಸು ತೊಳೆಯುತ್ತಿದ್ದಳು. ತಲೆಯೆತ್ತಿ ನೋಡಿದಳು. ಗುರುತಿಸಲು ಒಂದು ಕ್ಷಣವೂ ಬೇಕಾಗಲಿಲ್ಲ. ಕೈ ಒರೆಸಿಕೊಂಡು ಬಂದು, ಕುರ್ಚಿ ಎಳೆದು, “ಕೂತ್ಕಳ್ಳಿ ಅಮ್ಮಾ” ಎಂದಳು. ಎಲ್ಲರಿಗೂ ಹಾಕುವ ಹಾಗೆಯೇ ಊಟ ಹಾಕಿದಳು, ಹೆಚ್ಚಿಲ್ಲ, ಕಡಿಮೆಯಿಲ್ಲ. ಆಯಿ ಬಟ್ಟಲು ಖಾಲಿ ಮಾಡಿ, ನೀರು ಕುಡಿದು, ಹೇಳಿದಳು: “ತಂಗೀ, ಅವತ್ತು ಆನು ಮಾಡಿದ್ದು ತಪ್ಪು. ಮಿಡಿ ಕೆಟ್ಟಿತ್ತಿಲ್ಲೆ. ಎಂಗೆ ಗೊತ್ತಿತ್ತು.”

ಗೊತ್ತಿತ್ತು! ಮಿಡಿ ಕೆಟ್ಟಿರಲಿಲ್ಲ ಎಂದು ಆಯಿಗೆ ಗೊತ್ತಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಅವಳಿಗೆ ಏರಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು ನಿಧಾನವಾಗಿ ಹೇಳಿದಳು, “ಅಮ್ಮಾ, ಬರೀ ತಪ್ಪು ಅಂದ್ರೆ ನಂಗೆ ಸಾಕಾಗ್ತಿಲ್ಲ. ಆ ಭರಣಿ ಇನ್ನೂ ಅದ್ಯಾ?”

“ಇದ್ದು. ಊರಮನೆ ಅಟ್ಟದ ಮೇಲೆ ಇದ್ದು.”

“ಹಾಂಗಾದ್ರೆ ಈ ವರ್ಷದ ಮಿಡಿ ನಾ ಹಾಕ್ತೆ. ಇಲ್ಲಲ್ಲ. ನಿಮ್ಮನೇಲಿ, ಒಳಗೆ ಬಂದು.”

ಆಯಿ ಕೋಲು ಹಿಡಿದು ಎದ್ದಳು. “ಬಾ” ಎಂದಳು.

ಮಿಡಿಯ ಕಾಲಕ್ಕೆ ಆಯಿಯನ್ನು ಊರಿನ ತೋಟದ ಮನೆಗೆ ಕರೆದೊಯ್ದೆ, ಅವಳೂ ಅಲ್ಲಿಗೆ ಬಂದಳು. ಹೊಸ ಸೀರೆ ಉಟ್ಟು, ಮುಂದಿನ ಬಾಗಿಲಿನಿಂದ ಬಂದು, ಜಗಲಿ ದಾಟಿ, ನಡುಮನೆ ದಾಟಿ, ಅಡುಗೆಮನೆಯ ನಡುವೆ ಕಾಲು ಚಾಚಿ ಕೂತಳು. ಆಯಿ ಮಣೆಯ ಮೇಲೆ ಕೂತು ಬಾಯಲ್ಲಿ ಹೇಳುವುದು, ಅವಳು ಮಾಡುವುದು. ಉಪ್ಪಿನ ಅಳತೆಗೆ ಇಬ್ಬರಿಗೂ ಜಗಳ ಹತ್ತಿತು. ನಾನು ಸಾಸಿವೆ ಬೀಸಿ ಕೊಟ್ಟೆ, ಅಷ್ಟೇ ನನ್ನ ಪಾಲು. ಭರಣಿಗೆ ಕೈ ಇಳಿಸುವ ಮುಂಚೆ ಅವಳು ಒಂದು ಸಲ ಆಯಿಯ ಮುಖ ನೋಡಿದಳು. ಆಯಿ ತಲೆಯಾಡಿಸಿದಳು. ಅವಳು ಮೊಣಕೈವರೆಗೆ ಕೈ ಇಳಿಸಿದಳು.

ಮಳೆಗಾಲ ಪೂರ್ತಿ ಆ ಭರಣಿ ಮುಚ್ಚಿಯೇ ಇತ್ತು. ದೀಪಾವಳಿ ಕಳೆದ ಮೇಲೆ ಅವಳು ಅಂಗಡಿ ಬಿಡುತ್ತೇನೆಂದಳು. “ಟೀಚರಿಗೆ ರಿಟೈರ್ ಆಗ್ಲಕ್ಕು, ನಂಗೆ ಆಗ್ಲಿಕ್ಕಿಲ್ವಾ?” ಎಂದು, ಮೂರು ತಿಂಗಳು ಕೋಸು ತೊಳೆಸಿ ತಯಾರು ಮಾಡಿದ್ದ ಇಬ್ಬರು ಹೆಂಗಸರಿಗೆ ಅಂಗಡಿ, ಎರಡು ಭರಣಿ, ಬೈಯುವ ಹಕ್ಕು ಎಲ್ಲವನ್ನೂ ಕೊಟ್ಟಳು. ಈಗ ಸಿದ್ದಾಪುರದ ಕಡೆ ಒಂದು ತುಂಡು ಜಾಗದಲ್ಲಿ ಗಂಡನೊಂದಿಗೆ ಉದ್ದ ಕೋಸು ಬೆಳೆಯುತ್ತಾಳೆ.

ಅವಳ ಕೊನೆಯ ದಿನ ಹದಿನಾರು ಕುರ್ಚಿಯೂ ತುಂಬಿತ್ತು. ಯಲ್ಲಾಪುರದಾಕೆ ಇದ್ದಳು, ಗುಡ್ನಾಪುರದ ರೈತ ಇದ್ದ, ರೊಟ್ಟಿ ಕೇಳಿದ್ದ ಯಜಮಾನರೂ ಇದ್ದರು. ಆಯಿ ರಿಕ್ಷಾದಲ್ಲಿ ಬಂದಳು, ಪಕ್ಕದಲ್ಲಿ ಊರಮನೆಯಿಂದ ತರಿಸಿದ ಭರಣಿ. ಇನ್ನೂ ಯಾರೂ ಬಾಯಿಬಟ್ಟೆ ಬಿಚ್ಚಿರಲಿಲ್ಲ. ಒಳಗೆ ಏನಾಗಿದೆಯೋ ದೇವರಿಗೇ ಗೊತ್ತು. ಅಷ್ಟೂ ಜನರ ಮುಂದೆ ಮಿಡಿ ಮೆತ್ತಗಾಗಿದ್ದರೆ? ಹಾವಸೆ ಬಂದಿದ್ದರೆ? ಐವತ್ತು ವರ್ಷದ ಹಿಂದಿನ ಮಾತು ಮತ್ತೆ ಎದ್ದು ನಿಲ್ಲುತ್ತಿತ್ತು.

ಅವಳು ಭರಣಿಯ ಬಾಯಿಬಟ್ಟೆ ಬಿಚ್ಚಿದಳು. ಕೈ ಇಳಿಸಿದಳು. ಸಣ್ಣ ಬಟ್ಟಲುಗಳಿಗೆ ಒಂದೊಂದು ಮಿಡಿ ಹಾಕಿ ಎಲ್ಲರ ಮುಂದೆ ಇಟ್ಟಳು. ಯಾರೂ ಮುಟ್ಟಲಿಲ್ಲ. ಕಟ್ಟಳೆ ಕಟ್ಟಳೆಯೇ, ಹಿರಿಯಳು ಶುರು ಮಾಡಬೇಕು. ಎಲ್ಲರೂ ಆಯಿಯನ್ನು ನೋಡುತ್ತಿದ್ದರು.

ಆಯಿ ತನ್ನ ಬಟ್ಟಲನ್ನು ಅವಳ ಕಡೆ ಸರಿಸಿದಳು. “ಎಂಗೆ ಹಲ್ಲಿಲ್ಲೆ, ಕಿವಿ ಇದ್ದು. ಹಿರಿಯಳು ಆನು ಹೌದು, ಆದ್ರೆ ಕೈ ನಿಂದು. ನೀನೇ ಮೊದ್ಲು ತಿನ್ನವು.”

ಅವಳು ಮಿಡಿ ಎತ್ತಿ ಕಚ್ಚಿದಳು.

ಕಟಕ್!

ಓಣಿಯ ಹೊಲಿಗೆ ಅಂಗಡಿಯವನಿಗೂ ಕೇಳಿರಬೇಕು. ಆಮೇಲೆ ಉಳಿದ ಎಲ್ಲ ಬಾಯಿಗಳು, ಕಟಕ್, ಕಟಕ್, ಕಟಕ್. ಆಯಿ ಕಿವಿಗೆ ಕೈ ಅಡ್ಡ ಹಿಡಿದು ಒಂದೊಂದನ್ನೂ ಕೇಳಿಸಿಕೊಂಡಳು, ಮುಖದ ತುಂಬ ನಗು. “ಒಂದೂ ಮೆತ್ತಗಾಯ್ದಿಲ್ಲೆ” ಎಂದು ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿದಳು. ನಾನು ಟೀಚರೆಂಬುದನ್ನು ಮರೆತು ಮೇಜು ಗುದ್ದಿ ಚಪ್ಪಾಳೆ ಹೊಡೆದೆ.

ಅವಳು ತನ್ನ ಬಲಗೈಯನ್ನು ಒಮ್ಮೆ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಕಣ್ಣೊರೆಸಲಿಕ್ಕೆ ಎತ್ತಿದವಳು, ಮೆಣಸು ಇದೆಯೆಂದು ನೆನಪಾಗಿ ಎಡಗೈಯಲ್ಲಿ ಒರೆಸಿಕೊಂಡಳು. ಆಮೇಲೆ ಎಂದಿನ ದನಿಯಲ್ಲೇ ಗದರಿದಳು: “ಸಾಕು ಗಲಾಟೆ. ಸಾರು ಆರ್ತಾ ಅದೆ, ಉಣ್ಣಿ ಎಲ್ರೂ.”